ಸೂಕ್ಷ್ಮ ಹೊಟ್ಟೆಯ ಬೆಕ್ಕಿಗೆ ನಾಲ್ಕು ಬಗೆ ಹಸಿ ಮಾಂಸದ ಬಾಕ್ಸ್: ನಾಲ್ಕು ತಿಂಗಳು ಬಳಸಿದ ಮೇಲೆ

ಅವಸರದಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಬಾಕ್ಸ್‌ನಲ್ಲಿ ಬರುವ ಮೊಲ ಮತ್ತು ಕುರಿ ಚೆನ್ನಾಗಿವೆ, ಮತ್ತೆ ತರಿಸುತ್ತೇನೆ. ಜಿಂಕೆ ಮಾಂಸವೂ ಒಳ್ಳೆಯದೇ, ಆದರೆ ಅದನ್ನೇ ದಿನಾ ಊಟ ಅಂತ ಕೊಡುವ ಹಾಗಿಲ್ಲ. ಬಾತುಕೋಳಿ ಬೇಡ. ಒಟ್ಟು 5ಕ್ಕೆ 3.5 ಕೊಡುತ್ತೇನೆ. ಕಂಪನಿಯ ಹೆಸರು ಹಾಕಿಲ್ಲ, ಯಾಕಂದ್ರೆ ಇಂಥ ಬಾಕ್ಸ್ ಬೇರೆ ಬೇರೆಯವರು ಮಾಡುತ್ತಾರೆ, ಕೊಳ್ಳುವ ಮುಂಚೆ ನೋಡಬೇಕಾದ್ದು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ನನ್ನ ಬೆಕ್ಕಿನ ಹೆಸರು ಬೆಳ್ಳಿ. 7 ವರ್ಷ, 4 ಕೆಜಿ. ಎರಡು ವರ್ಷದ ಹಿಂದೆ ಅವಳ ಹೊಟ್ಟೆ ಕೆಟ್ಟಿದ್ದು ಸರಿಹೋಗಲೇ ಇಲ್ಲ. ವಾರಗಟ್ಟಲೆ ಭೇದಿ, ಬೆಳಗಿನ ಜಾವ ಹಳದಿ ನೀರಿನ ವಾಂತಿ, ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ಡಾಕ್ಟರ್ ಆಹಾರದ ಮಾತು ಎತ್ತುವ ಮೊದಲು ಬೇರೆ ಕಾರಣಗಳನ್ನೆಲ್ಲ ಹುಡುಕಿದರು. ಮಲ ಪರೀಕ್ಷೆ ಮಾಡಿಸಿ ಹುಳು ಇದೆಯಾ, ಭೇದಿ ತರುವ ಸೂಕ್ಷ್ಮ ಪರಾವಲಂಬಿಗಳಾದ ಜಿಯಾರ್ಡಿಯಾ, ಟ್ರೈಟ್ರಿಕೊಮೊನಾಸ್ ಇವೆಯಾ ಅಂತ ನೋಡಿದರು. ರಕ್ತದಲ್ಲಿ ಬಿ12 ನೋಡಿದರು, ಕರುಳು ಸರಿ ಇಲ್ಲದ ಬೆಕ್ಕುಗಳಲ್ಲಿ ಅದು ಕಡಿಮೆ ಆಗಿರುತ್ತದಂತೆ. ಬೆಳ್ಳಿಗೂ ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟರು. ಆಮೇಲೆ ಅವಳು ಹಿಂದೆ ಯಾವತ್ತೂ ತಿನ್ನದ ಒಂದೇ ಮಾಂಸ, ಅಂದರೆ ಮೊಲ, 8 ವಾರ ಮೊಲ ಬಿಟ್ಟು ಇನ್ನೇನೂ ಇಲ್ಲ. ಹತ್ತನೇ ದಿನಕ್ಕೆ ಭೇದಿ ನಿಂತಿತು. 8 ವಾರ ಮುಗಿದ ಮೇಲೆ ಡಾಕ್ಟರ್ ಹೇಳಿದಂತೆ ಒಂಚೂರು ಕೋಳಿ ಕೊಟ್ಟು ನೋಡಿದೆ, ಎರಡನೇ ದಿನವೇ ಮತ್ತೆ ಶುರುವಾಯಿತು. ಅಲ್ಲಿಗೆ ಕೋಳಿ ಬಂದ್.

ನಿಮ್ಮ ಬೆಕ್ಕಿಗೆ ಮೂರು ವಾರಕ್ಕಿಂತ ಜಾಸ್ತಿ ಭೇದಿ ಇದ್ದರೆ ದಯವಿಟ್ಟು ಇಂಥ ಬಾಕ್ಸ್ ತರಿಸುವ ಮೊದಲು ಈ ಪರೀಕ್ಷೆಗಳನ್ನು ಮಾಡಿಸಿ. ಹೊಟ್ಟೆಯಲ್ಲಿ ಜಿಯಾರ್ಡಿಯಾ ಇಟ್ಟುಕೊಂಡು ಮಾಂಸ ಬದಲಾಯಿಸುತ್ತಾ ಕೂತರೆ ಏನು ಪ್ರಯೋಜನ?

ಎರಡು ವರ್ಷ ಮೊಲದ ಮೇಲೆ ಭೇದಿ ಇಲ್ಲದೆ ಇದ್ದವಳಿಗೆ ಮತ್ತೆ ಯಾಕೆ ಬದಲಾವಣೆ ಅಂತ ನೀವು ಕೇಳಬಹುದು. ಒಂದು ಸಲ ನಾನು ತರಿಸುತ್ತಿದ್ದ ಕಡೆ ಮೊಲ ಮೂರು ವಾರ ಸಿಗಲೇ ಇಲ್ಲ. ಫ್ರೀಜರ್‌ನಲ್ಲಿ ನಾಲ್ಕು ದಿನಕ್ಕೆ ಆಗುವಷ್ಟು ಮಾತ್ರ ಉಳಿದಿತ್ತು. ಬೆಕ್ಕನ್ನು ಉಪವಾಸ ಬಿಟ್ಟು "ಹಸಿವಾದಾಗ ತಾನೇ ತಿನ್ನುತ್ತೆ" ಅನ್ನುವ ಹಾಗಿಲ್ಲ. ಎರಡು ಮೂರು ದಿನ ಸರಿಯಾಗಿ ತಿನ್ನದಿದ್ದರೂ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ತೊಂದರೆ ಆಗಬಹುದು, ದಪ್ಪ ಬೆಕ್ಕುಗಳಿಗೆ ಇನ್ನೂ ಅಪಾಯ. ಆ ನಾಲ್ಕು ದಿನ ನನಗೆ ನಿದ್ದೆ ಇಲ್ಲ. ಕೊನೆಗೆ ಬೇರೆ ಕಡೆ ಸಿಕ್ಕಿತು, ಆದರೆ ಒಂದೇ ಮಾಂಸವನ್ನು ನಂಬಿಕೊಂಡು ಕೂರಬಾರದು ಅಂತ ಆಗಲೇ ಗಟ್ಟಿ ಮಾಡಿಕೊಂಡೆ. ಜೊತೆಗೆ ಅವಳಿಗೂ ಬೇಜಾರಾಗಿತ್ತು. ಬಟ್ಟಲ ಹತ್ತಿರ ಬಂದು ಮೂಸಿ, ಮಣ್ಣು ಮುಚ್ಚುವ ಹಾಗೆ ಮುಂಗಾಲಿನಿಂದ ನೆಲ ಕೆರೆದು ಹೋಗಿಬಿಡುತ್ತಿದ್ದಳು.

ಇನ್ನೊಂದು ಕಾರಣ ಸ್ವಲ್ಪ ಗಂಭೀರವಾದದ್ದು. ಅಮೆರಿಕದ ಯುಸಿ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಹಿಂದೆ ಒಂದು ಪ್ರಯೋಗ ಮಾಡಿದ್ದರು. ಬೆಕ್ಕುಗಳಿಗೆ ಇಡೀ ಮೊಲವನ್ನು ರುಬ್ಬಿ ಹಸಿಯಾಗಿ ಕೊಟ್ಟರು. ಮಲ ಚೆನ್ನಾಗಿ ಗಟ್ಟಿಯಾಯಿತು, ನೋಡಿದವರಿಗೆಲ್ಲ ಬೆಕ್ಕುಗಳು ಆರೋಗ್ಯವಾಗೇ ಕಾಣುತ್ತಿದ್ದವು. ಹತ್ತು ತಿಂಗಳಾದ ಮೇಲೆ ಒಂದು ಬೆಕ್ಕು ಇದ್ದಕ್ಕಿದ್ದಂತೆ ಸತ್ತಿತು. ಟಾರಿನ್ ಅನ್ನುವ ಪೋಷಕಾಂಶ ಸಾಲದೆ ಹೃದಯ ಹಿಗ್ಗಿಹೋಗಿತ್ತು. ಟಾರಿನ್ ಬೆಕ್ಕು ತನ್ನ ಮೈಯಲ್ಲಿ ಬೇಕಾದಷ್ಟು ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಕಡಿಮೆಯಾದರೆ ಕಣ್ಣಿನ ಪಾಪೆಯ ಹಿಂದಿನ ಪರದೆಯೂ ಹಾಳಾಗುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ಸಂಬಂಧ 1987ರಲ್ಲೇ ಗೊತ್ತಾಗಿದೆ. ಲಿಟರ್ ಟ್ರೇಯಲ್ಲಿ (ಬೆಕ್ಕು ಮಲ ಮಾಡುವ ಮರಳಿನ ತಟ್ಟೆ) ಎಲ್ಲ ಸರಿ ಕಂಡರೆ ಒಳಗೂ ಎಲ್ಲ ಸರಿ ಇದೆ ಅಂದುಕೊಂಡಿದ್ದವಳು ನಾನು. ಇದನ್ನು ಓದಿದ ದಿನ ಬೆಳ್ಳಿಯ ಎದೆ ಮೇಲೆ ಕೈ ಇಟ್ಟು ತುಂಬ ಹೊತ್ತು ಕೂತಿದ್ದೆ.

ಈಗ ಬಾಕ್ಸ್ ವಿಷಯ. ಮೊಲ, ಕುರಿ, ಜಿಂಕೆ, ಬಾತುಕೋಳಿ, ನಾಲ್ಕೂ ಬೇರೆ ಬೇರೆ ಪ್ಯಾಕೆಟ್. ನನಗೆ ಮೊದಲು ಹಿಡಿಸಿದ್ದೇ ಇದು. ಎಷ್ಟೋ ಕಡೆ "ವೆರೈಟಿ" ಅಂದರೆ ಎಲ್ಲ ಮಾಂಸ ಒಟ್ಟಿಗೆ ರುಬ್ಬಿದ ಕೀಮಾ. ಹೊಟ್ಟೆ ಗಟ್ಟಿ ಇರುವ ಬೆಕ್ಕಿಗೆ ಅದು ಪರವಾಗಿಲ್ಲ, ಬೆಳ್ಳಿಯಂಥವಳಿಗೆ ಹೊಟ್ಟೆ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹೇಗೆ ಕಂಡುಹಿಡಿಯುವುದು? ಪಾರ್ಸೆಲ್ ಬಂದಾಗ ಒಳಗೆ ಡ್ರೈ ಐಸ್ ಇನ್ನೂ ಹೊಗೆಯಾಡುತ್ತಿತ್ತು, ಪ್ಯಾಕೆಟ್‌ಗಳು ಕಲ್ಲಿನ ಹಾಗೆ ಗಟ್ಟಿ. ಅದಕ್ಕೆ ಪೂರ್ತಿ ಅಂಕ.

ಮೊದಲು ಮೊಲವನ್ನೇ ತೆರೆದೆ. ಗೊತ್ತಿರುವ ಮಾಂಸ ತಾನೇ, ಅದರಲ್ಲೇನು ನೋಡುವುದು ಅನ್ನಿಸಬಹುದು, ಆದರೆ ಕಂಪನಿ ಬದಲಾದರೆ ಕೊಬ್ಬು ಬದಲಾಗುತ್ತೆ, ಮೂಳೆ ಬದಲಾಗುತ್ತೆ, ಲಿವರ್ ಎಷ್ಟು ಹಾಕಿದ್ದಾರೆ ಅನ್ನುವುದೂ ಬದಲಾಗುತ್ತೆ. ಹೊಸ ಕಂಪನಿ, ಹಳೇ ಮಾಂಸ, ಹೀಗೆ ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ ಅಂತ ನನ್ನ ಲೆಕ್ಕ. ಅದು ಒಳ್ಳೆಯದೇ ಆಯಿತು. ಐದನೇ ದಿನ ಮಲ ಬೆಳ್ಳಗೆ, ಒಣಗಿ, ಮುಟ್ಟಿದರೆ ಸುಣ್ಣದ ಉಂಡೆಯಂತೆ ಪುಡಿಯಾಗುತ್ತಿತ್ತು. ಮೂಳೆ ಜಾಸ್ತಿ ಆದಾಗ ಹೀಗಾಗುತ್ತದೆ, ಬಿಟ್ಟರೆ ಮಲಬದ್ಧತೆಗೆ ಹೋಗುತ್ತದೆ. ಹಳೆಯ ಕಂಪನಿಯ ಮೊಲ ಅರ್ಧ, ಇದು ಅರ್ಧ ಬೆರೆಸಿ, ಮೇಲೆ ಎರಡು ಚಮಚ ಬೆಚ್ಚನೆ ನೀರು ಹಾಕಿ ಕೊಟ್ಟೆ, ಮೂರೇ ದಿನಕ್ಕೆ ಸರಿಹೋಯಿತು. ಕಂಪನಿಯವರು ಮೂಳೆಯನ್ನು ಇನ್ನೊಂಚೂರು ಕಡಿಮೆ ಮಾಡಿದರೆ ಈ ಪ್ಯಾಕೆಟ್‌ಗೆ ಹೆಸರಿಡುವುದಕ್ಕೆ ಏನೂ ಇಲ್ಲ. ಲೇಬಲ್ ಮೇಲೆ ಟಾರಿನ್ ಸೇರಿಸಿದ್ದೇವೆ ಅಂತ ಬರೆದಿದ್ದಾರೆ, ವಿಟಮಿನ್ ಇ ಮತ್ತು ಬಿ1 ಕೂಡ ಇದೆ, ಕೆಳಗೆ "ಸಂಪೂರ್ಣ ಮತ್ತು ಸಮತೋಲಿತ ಆಹಾರ" ಅಂತಲೂ ಇದೆ.

ಈ ಮಾತನ್ನು ಸ್ವಲ್ಪ ಗಮನಿಸಿ. 80 ಭಾಗ ಮಾಂಸ, 10 ಭಾಗ ಮೂಳೆ, 10 ಭಾಗ ಲಿವರ್ ಮತ್ತು ಬೇರೆ ಅಂಗ ಅನ್ನುವ ಲೆಕ್ಕ ಹಸಿ ಮಾಂಸ ಕೊಡುವವರಿಗೆಲ್ಲ ಬಾಯಿಪಾಠ. ಆದರೆ ಆ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಬೆಕ್ಕಿಗೆ ಬೇಕಾದ್ದೆಲ್ಲ ಸಿಗುವುದಿಲ್ಲ. ವಿಟಮಿನ್ ಇ, ಮ್ಯಾಂಗನೀಸ್, ಅಯೋಡಿನ್ ಇಂಥವು ಸುಲಭವಾಗಿ ಕಡಿಮೆ ಬೀಳುತ್ತವೆ. ಹಾಗಂತ ಲಿವರ್ ಜಾಸ್ತಿ ಹಾಕಿದರೆ ವಿಟಮಿನ್ ಎ ಮಿತಿ ಮೀರುತ್ತದೆ, ವರ್ಷಗಟ್ಟಲೆ ಹಾಗೇ ತಿಂದ ಬೆಕ್ಕುಗಳ ಕತ್ತಿನ ಮೂಳೆಗಳು ಅಂಟಿಕೊಂಡು ತಲೆ ತಿರುಗಿಸಿ ಮೈ ನೆಕ್ಕಿಕೊಳ್ಳಲೂ ಆಗುವುದಿಲ್ಲ. ಬರೀ ಮೂಳೆ ಇಲ್ಲದ ಮಾಂಸ ಕೊಟ್ಟರೆ ಕ್ಯಾಲ್ಸಿಯಂ ಇಲ್ಲದೆ ಮೈಯೊಳಗಿನ ಮೂಳೆಯೇ ಸವೆಯುತ್ತದೆ.

ಕುರಿ ಈ ಬಾಕ್ಸ್‌ನ ನಿಜವಾದ ಬಂಗಾರ. 50 ಗ್ರಾಂನ ಚೌಕಾಕಾರದ ತುಂಡುಗಳು, ಒಂದೊಂದೇ ಎತ್ತಿಕೊಳ್ಳಬಹುದು, ಉಳಿದದ್ದು ಫ್ರೀಜರ್‌ನಲ್ಲೇ ಇರುತ್ತೆ. ರಾತ್ರಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಹಾಕಿದರೆ ಬೆಳಿಗ್ಗೆಗೆ ಕರಗಿರುತ್ತೆ. ಕೊಡುವ ಮುಂಚೆ ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿ ಐದು ನಿಮಿಷ ಇಡುತ್ತೇನೆ. ಫ್ರಿಜ್‌ನ ತಣ್ಣನೆ ಮಾಂಸ ತಿಂದ ಕೂಡಲೇ ಬೆಳ್ಳಿ ವಾಂತಿ ಮಾಡುತ್ತಾಳೆ, ಬೆಚ್ಚಗಿದ್ದರೆ ವಾಸನೆಯೂ ಏಳುತ್ತದೆ, ಅವಳೂ ನಿಧಾನಕ್ಕೆ ತಿನ್ನುತ್ತಾಳೆ. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಬೆಂದುಬಿಡುತ್ತದೆ, ಬೆಂದ ಮೂಳೆ ಒಳ್ಳೆಯದಲ್ಲ.

ಮೊದಲ ದಿನ ಮೊಲದ ಮೇಲೆ ಕಾಲು ಚಮಚ ಕುರಿ, ಅಷ್ಟೇ. ಬೆರೆಸಲಿಲ್ಲ, ಒಂದು ಮೂಲೆಗೆ ಇಟ್ಟೆ. ಬೆರೆಸಿಬಿಟ್ಟರೆ ಹೊಸ ವಾಸನೆಗೆ ಹೆದರಿ ಇಡೀ ಬಟ್ಟಲನ್ನೇ ಬಿಟ್ಟು ಹೋಗುತ್ತಾಳೆ ಅಂತ ನನಗೆ ಗೊತ್ತು. ಬೆಳ್ಳಿ ಮೊಲ ಪೂರ್ತಿ ತಿಂದಳು. ಆಮೇಲೆ ಆ ಕಾಲು ಚಮಚದ ಹತ್ತಿರ ಮೂಗು ತಂದು, ಮೀಸೆ ಮುಂದಕ್ಕೆ ಮಾಡಿ, ಕಿವಿ ಒಂಚೂರು ಹಿಂದಕ್ಕೆ ಸರಿಸಿ, ನಾಲಿಗೆಯ ತುದಿಯಲ್ಲಿ ಒಂದು ಸಲ ನೆಕ್ಕಿದಳು. ಹಿಂದೆ ಸರಿದಳು. ನನ್ನ ಮುಖ ನೋಡಿದಳು. ಮತ್ತೆ ಬಂದು ಒಂದೇ ಬಾಯಿಗೆ ಎತ್ತಿಕೊಂಡು ಹೋದಳು. ನಾನು ಅಡುಗೆಮನೆ ನೆಲದ ಮೇಲೆ ಕೂತಿದ್ದೆ, ಎದ್ದೇಳೋಕೇ ಮನಸ್ಸಾಗಲಿಲ್ಲ.

ನಾಲ್ಕು ದಿನ ಕಾಲು ಚಮಚ, ಆಮೇಲೆ ನಾಲ್ಕು ದಿನ ಅರ್ಧ, ಹೀಗೇ ಏರಿಸುತ್ತಾ ಮೂರು ವಾರಕ್ಕೆ ಒಂದು ಹೊತ್ತಿನ ಊಟ ಪೂರ್ತಿ ಕುರಿ. ಪ್ಯಾಕೆಟ್ ಮೇಲೆ 7ರಿಂದ 10 ದಿನದಲ್ಲಿ ಬದಲಾಯಿಸಿ ಅಂತ ಇದೆ. ಸೂಕ್ಷ್ಮ ಹೊಟ್ಟೆಗೆ ಅಷ್ಟು ಅವಸರ ಒಳ್ಳೆಯದಲ್ಲ ಅನ್ನುವುದು ನನ್ನ ಅನುಭವ. ಕುರಿಯಲ್ಲಿ ಮೊಲಕ್ಕಿಂತ ಕೊಬ್ಬು ಜಾಸ್ತಿ, ಹನ್ನೆರಡನೇ ದಿನ ಮಲ ಒಂದು ಸಲ ಮೆತ್ತಗಾಯಿತು. ಅಲ್ಲೇ ನಿಂತೆ, ಹಿಂದಿನ ಅಳತೆಗೆ ಹೋಗಿ ಐದು ದಿನ ಕಾದು ಮತ್ತೆ ಮುಂದೆ ಹೋದೆ. ದಿನಾ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ: ಏನು ತಿಂದಳು, ಎಷ್ಟು ಗ್ರಾಂ, ಮಲಕ್ಕೆ 1ರಿಂದ 7ರವರೆಗಿನ ಅಂಕ (1 ಅಂದರೆ ಒಣಗಿ ಗಟ್ಟಿ, 7 ಅಂದರೆ ನೀರು), ವಾಂತಿ ಆಯಿತಾ, ವಾರಕ್ಕೊಮ್ಮೆ ತೂಕ. ಈ ಪುಸ್ತಕ ಇಲ್ಲದಿದ್ದರೆ ಮುಂದೆ ಬಾತುಕೋಳಿ ವಿಷಯ ಗೊತ್ತೇ ಆಗುತ್ತಿರಲಿಲ್ಲ.

ಜಿಂಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಬ್ಬು ಕಡಿಮೆ, ಬೆಳ್ಳಿಗೆ ಪ್ರಾಣ, ಹೊಟ್ಟೆಗೂ ಹಿಡಿಸಿತು. ಆದರೆ ಇದರಲ್ಲಿ ಮೂಳೆ ಇಲ್ಲ, ಟಾರಿನ್ ಸೇರಿಸಿಲ್ಲ, ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ "ಪೂರಕ ಆಹಾರ, ಆಗಾಗ ಕೊಡಲು ಮಾತ್ರ" ಅಂತ ಬರೆದಿದ್ದಾರೆ. ಉಳಿದ ಪ್ಯಾಕೆಟ್‌ನ ಬಣ್ಣವೇ, ಅದೇ ಚಿತ್ರವೇ, ಅದೇ ಬಾಕ್ಸ್. ಓದದೆ ತಿಂಗಳುಗಟ್ಟಲೆ ಇದನ್ನೇ ಕೊಡುವವರು ಇರುತ್ತಾರೆ ಅಲ್ವಾ? ಇದನ್ನು ಪ್ಯಾಕೆಟ್‌ನ ಮುಂದೆಯೇ ದೊಡ್ಡದಾಗಿ ಹಾಕಬೇಕು. ನಾನು ದಿನದ ಊಟದ ಹತ್ತರಲ್ಲಿ ಒಂದು ಭಾಗ ದಾಟದಂತೆ ಕೊಡುತ್ತೇನೆ. ಇನ್ನೊಂದು ಕಷ್ಟ, ಇದು 500 ಗ್ರಾಂನ ಒಂದೇ ಗಡ್ಡೆ. ದಿನಕ್ಕೆ ಎಲ್ಲ ಸೇರಿ 120 ಗ್ರಾಂ ತಿನ್ನುವ ಬೆಕ್ಕಿಗೆ ಇದನ್ನು ಕರಗಿಸಿಟ್ಟರೆ ಮುಗಿಯುವ ಮೊದಲೇ ಕೆಡುತ್ತದೆ. ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು, ಚಾಕು ಇಳಿಯುವಷ್ಟು ಮೆತ್ತಗಾದಾಗ, ಒಳಗೆ ಇನ್ನೂ ಐಸ್ ಇರುವಾಗಲೇ 12 ಗ್ರಾಂನ ತುಂಡು ಮಾಡಿ ತಕ್ಷಣ ಫ್ರೀಜರ್‌ಗೆ ಹಾಕಿದೆ.

ಇನ್ನು ಬಾತುಕೋಳಿ. ಅದೇ ಕಾಲು ಚಮಚದಿಂದ ಶುರು. ಮೂರನೇ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಲಿಟರ್ ಕೆರೆಯುವ ಸದ್ದಿಗೆ ಎಚ್ಚರವಾಯಿತು. ಕೆರೆಯುತ್ತಾಳೆ, ನಿಲ್ಲುತ್ತಾಳೆ, ಮತ್ತೆ ಕೆರೆಯುತ್ತಾಳೆ. ಲೈಟ್ ಹಾಕಿ ನೋಡಿದರೆ ನೀರಿನಂಥ ಭೇದಿ, ಹಿಂಗಾಲಿನ ರೋಮಕ್ಕೆಲ್ಲ ಮೆತ್ತಿಕೊಂಡಿತ್ತು. ಬೆಚ್ಚನೆ ಬಟ್ಟೆಯಲ್ಲಿ ಒರೆಸುವಾಗ ಸುಮ್ನೆ ನಿಂತಿದ್ದಳು, ಯಾವತ್ತೂ ಕಾಲು ಮುಟ್ಟಲು ಬಿಡದವಳು. ಎರಡು ವರ್ಷದಲ್ಲಿ ಹೀಗೆ ಆಗಿರಲಿಲ್ಲ.

ಬಾತುಕೋಳಿಯಲ್ಲಿ ಕೊಬ್ಬು ಜಾಸ್ತಿ, ಅದಕ್ಕೇ ಇರಬೇಕು ಅಂದುಕೊಂಡೆ. ಆದರೆ ಪುಸ್ತಕ ತೆರೆದು ನೋಡಿದರೆ ಅವತ್ತಿಗೆ ಅವಳು ತಿಂದ ಬಾತುಕೋಳಿ ಎಲ್ಲ ಸೇರಿ ಅರ್ಧ ಚಮಚ. ಅಷ್ಟಕ್ಕೆ ಕೊಬ್ಬಿನಿಂದ ಇಷ್ಟು ಭೇದಿಯಾ? ಎರಡು ವರ್ಷದ ಹಿಂದೆ ಕೋಳಿ ಕೊಟ್ಟಾಗಿನ ಪುಟ ತೆಗೆದೆ. ಆಗಲೂ ಹೀಗೇ, ಚೂರೇ ಚೂರು ಕೊಟ್ಟಿದ್ದು, ಎರಡನೇ ದಿನ ನೀರಿನಂತೆ. ಫ್ರೀಜರ್‌ನಿಂದ ಪ್ಯಾಕೆಟ್ ತೆಗೆದು, ಮೇಲಿನ ಮಂಜನ್ನು ಹೆಬ್ಬೆರಳಲ್ಲಿ ಉಜ್ಜಿ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಬಾತುಕೋಳಿ ಮಾಂಸ, ಬಾತುಕೋಳಿ ಮೂಳೆ, ಬಾತುಕೋಳಿ ಹೃದಯ, ಆಮೇಲೆ "ಪೌಲ್ಟ್ರಿ ಲಿವರ್". ಬಾತುಕೋಳಿ ಲಿವರ್ ಅಲ್ಲ, ಪೌಲ್ಟ್ರಿ ಲಿವರ್, ಅಂದರೆ ಯಾವ ಸಾಕುಹಕ್ಕಿಯದ್ದೂ ಆಗಿರಬಹುದು! ಕಂಪನಿಗೆ ಬರೆದು ಕೇಳಿದೆ. ಎರಡು ದಿನಕ್ಕೆ ಉತ್ತರ ಬಂತು: ಹೌದು, ಅದು ಕೋಳಿ ಲಿವರ್.

ಮುಚ್ಚಿಡದೆ ಹೇಳಿದ್ದಾರೆ, ಅದಕ್ಕೆ ಮರ್ಯಾದೆ ಕೊಡುತ್ತೇನೆ. ಆದರೆ ಪ್ಯಾಕೆಟ್‌ನ ಮುಂದೆ "ಒಂದೇ ಪ್ರಾಣಿಯ ಮಾಂಸ" ಅಂತ ಹಾಕಿ ಹಿಂದೆ ಕೋಳಿ ಸೇರಿಸುವುದು ತಪ್ಪು. ಇಂಥ ಬಾಕ್ಸ್ ಕೊಳ್ಳುವವರೇ ಅಲರ್ಜಿ ಇರುವ, ಹೊಟ್ಟೆ ಸೂಕ್ಷ್ಮ ಇರುವ ಬೆಕ್ಕಿನವರು. ಬೆಕ್ಕುಗಳಲ್ಲಿ ಜಾಸ್ತಿ ಕಾಣುವ ಆಹಾರದ ಅಲರ್ಜಿಗಳೇ ದನದ ಮಾಂಸ, ಮೀನು, ಕೋಳಿ. ಪೌಲ್ಟ್ರಿ, "ಪ್ರಾಣಿಜನ್ಯ ಪದಾರ್ಥ", "ಮಾಂಸದ ಸಾರ", ಇಂಥ ಮಾತು ಕಂಡರೆ ಯಾವ ಪ್ರಾಣಿ ಅಂತ ಬರೆದು ಕೇಳಿ, ಉತ್ತರ ಬರುವವರೆಗೆ ಪ್ಯಾಕೆಟ್ ಒಡೆಯಬೇಡಿ. 5ರಲ್ಲಿ ನಾನು ಕಳೆದ 1.5 ಅಂಕದಲ್ಲಿ ಒಂದು ಪೂರ್ತಿ ಅಂಕ ಹೋದದ್ದು ಇದಕ್ಕೇ, ಉಳಿದರ್ಧ ಜಿಂಕೆ ಲೇಬಲ್‌ಗೆ.

ಕೋಳಿ ಲಿವರ್ ತೆಗೆದರೂ ಬಾತುಕೋಳಿಯನ್ನು ಹಸಿಯಾಗಿ ನಾನು ಇನ್ನು ಕೊಡುವುದಿಲ್ಲ. ಹಕ್ಕಿಜ್ವರದ ಎಚ್5ಎನ್1 ವೈರಸ್ ಬೆಕ್ಕುಗಳಿಗೆ ತುಂಬ ಕೆಟ್ಟದ್ದು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಒಂದು ಮನೆಬೆಕ್ಕು ಹಸಿ ಟರ್ಕಿ ಕೋಳಿ ಮಾಂಸದ ಆಹಾರ ತಿಂದು ಇದೇ ವೈರಸ್‌ನಿಂದ ಸತ್ತಿತು, ಆ ಆಹಾರದಲ್ಲೂ ವೈರಸ್ ಸಿಕ್ಕಿತು, ಮಾರುಕಟ್ಟೆಯಿಂದ ವಾಪಸ್ ಪಡೆದರು. ಫ್ರೀಜ್ ಮಾಡಿದರೆ ಈ ವೈರಸ್ ಸಾಯುತ್ತೆ ಅಂತ ನಂಬಬೇಡಿ, ಚೆನ್ನಾಗಿ ಬೇಯಿಸಿದರೆ ಮಾತ್ರ ಸಾಯುತ್ತದೆ. ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಕೂಡ ಫ್ರೀಜರ್‌ನಲ್ಲಿ ಬದುಕಿಯೇ ಇರುತ್ತವೆ, ಫ್ರೀಜ್ ಡ್ರೈ ಮಾಡಿದ ಒಣ ತುಂಡುಗಳಲ್ಲೂ ಅಷ್ಟೇ.

ಅಮೆರಿಕದ ಪಶುವೈದ್ಯರ ಸಂಘ 2012ರಿಂದಲೇ ಹಸಿ ಆಹಾರ ಬೇಡ ಅನ್ನುತ್ತಿದೆ, ನಮ್ಮ ಡಾಕ್ಟರ್‌ಗೂ ಇದು ಅಷ್ಟು ಇಷ್ಟವಿಲ್ಲ. ಅವರು ಒಪ್ಪಿದ್ದು ಷರತ್ತಿನ ಮೇಲೆ: ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಟಾರಿನ್ ಮತ್ತು ಬಿ12 ಸೇರಿಸಿ. ಮನೆಯಲ್ಲಿ ಹಸುಗೂಸು, ಬಸುರಿ, ವಯಸ್ಸಾದವರು ಇದ್ದರೆ ಬೇಡವೇ ಬೇಡ ಅಂದರು. ಬೆಕ್ಕಿಗೇ ಸ್ಟೀರಾಯ್ಡ್ ನಡೆಯುತ್ತಿದ್ದರೂ ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ಕರುಳಿನ ತೊಂದರೆ ಇರುವ ಎಷ್ಟೋ ಬೆಕ್ಕುಗಳು ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮೇಲೇ ಇರುತ್ತವೆ, ಅವುಗಳ ಮೈಗೆ ಸೋಂಕು ತಡೆಯುವ ಶಕ್ತಿ ಕಡಿಮೆ. ಅಂಥವಕ್ಕೆ ಇದೇ ಮೊಲ, ಇದೇ ಕುರಿ ಬೇಯಿಸಿ ಮಾಡಿದ ಡಬ್ಬಿ ಆಹಾರ ಸಿಗುತ್ತದೆ, ವೆರೈಟಿ ಅದರಲ್ಲೂ ಮಾಡಬಹುದು. ನಾನಂತೂ ಬಟ್ಟಲನ್ನು ಅರ್ಧ ಗಂಟೆಗಿಂತ ಜಾಸ್ತಿ ನೆಲದ ಮೇಲೆ ಬಿಡುವುದಿಲ್ಲ, ಕರಗಿಸಿದ್ದನ್ನು ಎರಡು ದಿನದೊಳಗೆ ಮುಗಿಸುತ್ತೇನೆ, ಅವಳ ಬಟ್ಟಲು, ಹಲಗೆ, ಚಾಕು ಬೇರೆಯೇ ಇವೆ.

ರುಚಿಗೆ ಅಂತ ಹಸಿ ಮೀನು ಸೇರಿಸಲಾ ಅಂತ ಕೆಲವರು ಕೇಳುತ್ತಾರೆ. ಕಾರ್ಪ್, ಹೆರ್ರಿಂಗ್ ತರಹದ ಮೀನುಗಳಲ್ಲಿ ಬಿ1 ವಿಟಮಿನ್ ಅನ್ನು ಒಡೆದುಹಾಕುವ ಕಿಣ್ವ ಇರುತ್ತದೆ. ಅದು ಕಡಿಮೆಯಾದರೆ ಬೆಕ್ಕಿನ ತಲೆ ಎದೆಗೆ ಬಾಗಿಕೊಳ್ಳುತ್ತದೆ, ಫಿಟ್ಸ್ ಬರುತ್ತದೆ. ಬೇಡ ಬಿಡಿ.

ಬಾತುಕೋಳಿ ನಿಲ್ಲಿಸಿ ಮತ್ತೆ ಬರೀ ಮೊಲಕ್ಕೆ ಹೋದೆ. ಡಾಕ್ಟರ್ ಹೇಳಿದ ಪ್ರೋಬಯಾಟಿಕ್ ಪುಡಿ (ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುವಂಥದ್ದು) ಒಂದು ವಾರ ಕೊಟ್ಟೆ, ಆರನೇ ದಿನ ಮಲಕ್ಕೆ ಮತ್ತೆ 3 ಅಂಕ ಬರೆದೆ, ಹತ್ತನೇ ದಿನದಿಂದ ಕುರಿಯೂ ವಾಪಸ್ ಬಂತು. ಈಗ ಬೆಳಿಗ್ಗೆ ಮೊಲ, ಸಂಜೆ ಕುರಿ, ರಾತ್ರಿ ಮಲಗುವ ಮುಂಚೆ ಜಿಂಕೆಯ ಒಂದು ತುಂಡು. ಆ ಕೊನೆಯ ತುಂಡು ಬಂದ ಮೇಲೆ ಬೆಳಗಿನ ಜಾವದ ಹಳದಿ ವಾಂತಿ ನಿಂತಿದೆ, ಖಾಲಿ ಹೊಟ್ಟೆಯಲ್ಲಿ ರಾತ್ರಿ ಕಳೆಯುವುದೇ ಅವಳಿಗೆ ಆಗುತ್ತಿರಲಿಲ್ಲ ಅನ್ನಿಸುತ್ತೆ. ತೂಕ 150 ಗ್ರಾಂ ಏರಿದೆ. ಹೋದ ವಾರ ಎರಡನೇ ಬಾಕ್ಸ್ ತರಿಸಿದೆ, ಬಾತುಕೋಳಿ ಬದಲು ಇನ್ನೊಂದು ಪ್ಯಾಕೆಟ್ ಕುರಿ ಹಾಕಿ ಅಂತ ಕೇಳಿದ್ದಕ್ಕೆ ತಕರಾರಿಲ್ಲದೆ ಹಾಕಿ ಕಳಿಸಿದ್ದಾರೆ. ಬಾಕ್ಸ್ ಬಿಚ್ಚುವಾಗ ಬೆಳ್ಳಿ ಬಂದು ಅಂಟು ಟೇಪಿನ ಮೇಲೆ ಕೂತಿದ್ದಳು, ಅವಳನ್ನು ಎತ್ತಿ ಪಕ್ಕಕ್ಕಿಟ್ಟು ಮೊದಲು ಎಲ್ಲ ಲೇಬಲ್ ಇನ್ನೊಂದು ಸಲ ಓದಿದೆ.